ಗಳ ಇಳಿಸುವವಳು

ನವೆಂಬರ್ ಎರಡನೇ ವಾರ, ನೆಲ ಕಲ್ಲಾಗುವ ಮೊದಲು
ಬಿದಿರು ಮೆಳೆಗೆ ಹನ್ನೆರಡು ಬಕೆಟ್ ನೀರು ಹೊಯ್ಯುತ್ತೇನೆ.
ಬೇಲಿಯಾಚೆ ಜೆನೋನ್ ನಗುತ್ತಾನೆ:
"ಚಳಿಗಾಲಕ್ಕೆ ನೀರುಣಿಸುವವಳು
ಇಡೀ ಸುವಾವ್ಕಿಯಲ್ಲಿ ನೀನೊಬ್ಬಳೇ, ಗ್ರಾಜಿನಾ."

ನಗಲಿ.
ಕೊಲ್ಲುವುದು ಚಳಿಯಲ್ಲ, ಬಾಯಾರಿಕೆ;
ಎರಡು ಮೆಳೆ ಕಳೆದುಕೊಂಡ ಮೇಲೆ ಕಲಿತದ್ದು.
ಬೇರು ಗಡ್ಡೆಕಟ್ಟಿದ ಮಣ್ಣಲ್ಲಿ ಸಿಕ್ಕಿ ಮೂಕವಾಗಿರುತ್ತದೆ.
ಮೇಲೆ ಹಸಿರೆಲೆ ಮಾತ್ರ
ಬಿಳಿ ಬಿಸಿಲಿಗೆ, ಲಿಥುವೇನಿಯಾ ಕಡೆಯ ಗಾಳಿಗೆ
ತನ್ನ ತೇವ ಕೊಡುತ್ತಲೇ ಇರುತ್ತದೆ,
ಕೇಳಿದವರಿಗೆಲ್ಲ ಕೈಗಡ ಕೊಡುವ ದಡ್ಡನ ಹಾಗೆ.
ಕೊನೆಗೊಂದು ದಿನ ಚಾಪೆ ಸುತ್ತಿಕೊಳ್ಳುತ್ತದೆ.

ನೀರಾದ ಮೇಲೆ ಬಗ್ಗಿಸುವ ಕೆಲಸ.
ಮರವಾದದ್ದು ಬಗ್ಗದೆಂಬ ಮಾತು ಇದಕ್ಕೆ ತಗಲುವುದಿಲ್ಲ;
ಬಿದಿರು ಮರವಲ್ಲ, ಹುಲ್ಲು.
ಒಂದೊಂದೇ ಗಳ. ಹಗ್ಗ ಕಟ್ಟಿ, ಮೈಭಾರ ಬಿಟ್ಟು,
ಈ ದಿನ ಸೊಂಟದ ಮಟ್ಟ, ನಾಳೆ ಇನ್ನಷ್ಟು.
ಅವಸರ ಮಾಡಿದರೆ ಗೆಣ್ಣಿನ ಕೆಳಗೆ ಪಟ್ಟೆನ್ನುತ್ತದೆ.
ನೆಲ ಕಚ್ಚಿದ ಮೇಲೆ ಇಟ್ಟಿಗೆ ಹೇರಿ
ಬರ್ಚ್ ತರಗೆಲೆ ಮೂರು ಗೋಣಿ ಸುರಿದು
ಸ್ಟ್ರಾಬೆರಿ ಮಡಿಗೆ ಹೊದಿಸುವ ಬಿಳಿ ಬಟ್ಟೆ ಎರಡು ಪದರ.
ಮಿಕ್ಕಿದ್ದನ್ನು ಹಿಮವೇ ಹೊದಿಸುತ್ತದೆ. ಹಿಮ ಒಳ್ಳೆಯದು.
ಹಿಮವಿಲ್ಲದ ಚಳಿ ಕೆಟ್ಟದ್ದು.

ನನಗಿದು ಹೊಸ ಕೆಲಸವೇನಲ್ಲ.
ಇಪ್ಪತ್ತಾರು ವರ್ಷ ಕಾಡಂಚಿನ ರೈಲ್ವೆ ಕ್ರಾಸಿಂಗಿನಲ್ಲಿ
ಕೆಂಪು-ಬಿಳಿ ಗಳ ಇಳಿಸಿದೆ, ಎತ್ತಿದೆ,
ಗಡಿಯಾರ ನೋಡಿ, ಹಿಡಿಕೆ ತಿರುವಿ.
ಹಾರನ್ ಬಾರಿಸುವವರು ಇದ್ದೇ ಇರುತ್ತಿದ್ದರು:
ಹಾಲಿನ ಲಾರಿಯವನು, ಹೆರಿಗೆಗೆ ಹೊರಟ ಗಂಡ,
ಒಮ್ಮೆ ಪಾದ್ರಿಯೇ.
ಯಾರಿಗೂ ಮೊದಲೇ ಎತ್ತಲಿಲ್ಲ.
ಗೂಡ್ಸ್ ಗಾಡಿಯ ಕೊನೆಯ ಡಬ್ಬಿ, ಅದರ ಕೆಂಪು ದೀಪ,
ಅದೂ ತಿರುವಿನಲ್ಲಿ ಮರೆಯಾಗಬೇಕು.

ಚಳಿಗಾಲವೂ ಗೂಡ್ಸ್ ಗಾಡಿಯೇ.
ಎಣಿಸುತ್ತಾ ಕೂರುವುದು.
ಮೈನಸ್ ಹದಿನೆಂಟು. ಮೈನಸ್ ಇಪ್ಪತ್ತಾರು.
ಖಾಲಿ ಡಬ್ಬಿ. ಕಲ್ಲಿದ್ದಲು. ಕಲ್ಲಿದ್ದಲು.

ಅಂಥವಳು ಈ ವರ್ಷ ಮಾರ್ಚಿನಲ್ಲೇ ಎತ್ತಿಬಿಟ್ಟೆ.
ಒಂಬತ್ತು ದಿನ ಬಿಸಿಲು. ಸೂರಿನಿಂದ ತೊಟ್ಟಿಕ್ಕುವ ಸದ್ದು.
ಹೊದಿಕೆಯಡಿ ಬೂಷ್ಟಿನ ವಾಸನೆ ಎಂಬುದು ನೆಪ;
ನಿಜವೆಂದರೆ, ಹಸಿರು ನೋಡಬೇಕೆನಿಸಿತು.
ಹಗ್ಗ ಬಿಚ್ಚಿದ್ದೇ ತಡ, ಗಳಗಳು ತಾವೇ ಎದ್ದವು.
ಒಂದು ನನ್ನ ಟೋಪಿ ಹಾರಿಸಿತು.
ಹತ್ತನೆಯ ರಾತ್ರಿ
ಮೈನಸ್ ಹತ್ತೊಂಬತ್ತು, ಹಿಮವಿಲ್ಲ, ಗಾಳಿ.
ಕೊನೆಯ ಡಬ್ಬಿಯ ದೀಪ ನಾನು ನೋಡಿರಲಿಲ್ಲ.

ಏಪ್ರಿಲ್ ಹೊತ್ತಿಗೆ ಒಣಹುಲ್ಲಿನ ಬಣ್ಣ.
ಉಗುರಿನಿಂದ ಕೆರೆದು ನೋಡಿದೆ: ಬಿಳುಚು, ಬಿಳುಚು.
"ಕಡಿದುಹಾಕು, ಬೀನ್ಸ್ ಬಳ್ಳಿಗೆ ಊರುಗೋಲಾದೀತು," ಎಂದ ಜೆನೋನ್.
ನಗಲಿಲ್ಲ ಅವನು. ಅದೇ ಹೆಚ್ಚು ಚುಚ್ಚಿತು.
ಕಡಿದೆ, ನೆಲದ ಮಟ್ಟಕ್ಕೆ, ನಲವತ್ತೊಂದು ಗಳ.

ಮೇ ಹನ್ನೆರಡು, ಹದಿಮೂರು, ಹದಿನಾಲ್ಕು:
ಈ ಮೂರು ದಿನದ ಮೂವರು ಸಂತರಿಗೆ ನಮ್ಮಲ್ಲಿ
ಚಳಿಯ ತೋಟಗಾರರು ಎಂದು ಹೆಸರು.
ಸೇಬು ಹೂಬಿಟ್ಟಿರುವಾಗ ಕೊನೆಯದೊಂದು ಸಲ ಬಂದು
ಯಾರು ಅವಸರಪಟ್ಟರೆಂದು ನೋಡಿ ಹೋಗುತ್ತಾರೆ.
ಹದಿಮೂರರ ರಾತ್ರಿ ನಿದ್ದೆ ಬರದೆ ಕಿಟಕಿಗೆ ಬಂದೆ.
ಜೆನೋನನ ಆಲೂಗಡ್ಡೆ ಸಾಲಿನಲ್ಲಿ ಟಾರ್ಚ್ ಬೆಳಕು,
ಬಾಗಿದ ಬೆನ್ನು. ಮೆಲ್ಲಗೆ ಏನನ್ನೋ ಬಯ್ಯುತ್ತಿದ್ದ.

ಬೆಳಿಗ್ಗೆ ಹೋಗಿ ನೋಡಿದೆ.
ಆಗತಾನೆ ಮೇಲೆದ್ದ ಆಲೂಗಡ್ಡೆ ಎಲೆ
ಬೆಂದಂತೆ ಕಪ್ಪಾಗಿತ್ತು, ಸಾಲಿಗೆ ಸಾಲು.
ನಡುವೆ ಬೋರಲು ಹಾಕಿದ, ಹುಳಿಕೋಸಿನ ಬಕೆಟ್.
ಅಂಚಿನಡಿ ಎಡೆಯಲ್ಲಿ ಇಣುಕಿದರೆ
ಕಂದು ಸಿಪ್ಪೆಯೊಳಗೆ ಹೆಬ್ಬೆರಳು ಗಾತ್ರದ ಕಳಲೆ,
ಬೇಲಿ ದಾಟಿ ಬಂದದ್ದು.

ಬಕೆಟ್ ಎತ್ತಲು ಕೈ ಹಾಕಿದೆ.
"ಈಗಲೇ ಬೇಡ," ಎಂದ ಅವನು ಬಾಗಿಲಿಂದ,
ಮುಖದ ತುಂಬ ಷೇವಿಂಗ್ ನೊರೆ,
"ಇನ್ನೊಬ್ಬಳು ಬರುವುದಿದೆ. ನಾಳೆ ಸಂತ ಸೋಫಿಯಾ."

ಮೇಲಿದ್ದ ಕಲ್ಲು ಸ್ವಲ್ಪ ವಾರೆಯಾಗಿತ್ತು,
ಸರಿಯಾಗಿ ಕೂರಿಸಿ ಬಂದೆ.